ಸಿನ್ಸಿನಾಟಿಯ ಸೆಪ್ಟೆಂಬರ್: ಬೇಸ್‌ಬಾಲ್ ಪಂದ್ಯವನ್ನೂ ಜರ್ಮನ್ ಬಿಯರ್ ಹಬ್ಬವನ್ನೂ ಒಂದೇ ವಾರಾಂತ್ಯದಲ್ಲಿ ನೋಡುವ ಬಗೆ

ಅಮೆರಿಕದ ಒಹಾಯೊ ರಾಜ್ಯದ ದಕ್ಷಿಣದ ಅಂಚಿನಲ್ಲಿ, ನದಿಯ ದಡದ ಮೇಲೆ ಬೆಳೆದಿರುವ ಸಿನ್ಸಿನಾಟಿ ನಗರದಲ್ಲಿ ಪ್ರತಿ ಸೆಪ್ಟೆಂಬರ್ ತಿಂಗಳ ಮೂರನೆಯ ವಾರಾಂತ್ಯದ ಸುಮಾರಿಗೆ ಎರಡು ಸಂಭ್ರಮಗಳು ಕೂಡಿಬರುತ್ತವೆ. ಮೊದಲನೆಯದು ಮುಗಿಯುತ್ತ ಬಂದ ಬೇಸ್‌ಬಾಲ್ ಋತುವಿನ ಕೊನೆಯ ಪಂದ್ಯಗಳು. ಎರಡನೆಯದು 1976ರಲ್ಲಿ ಆರಂಭವಾದ ‘ಆಕ್ಟೋಬರ್‌ಫೆಸ್ಟ್ ಜಿನ್‌ಜಿನಾಟಿ’ ಎಂಬ ಜರ್ಮನ್ ಬಿಯರ್ ಹಬ್ಬ. ಪ್ರವಾಸಿಗರು ಸಾಮಾನ್ಯವಾಗಿ ಇವುಗಳಲ್ಲಿ ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ ಎರಡನ್ನೂ ಸಂಬಂಧವಿಲ್ಲದ ಎರಡು ಮನರಂಜನೆಗಳೆಂದು ನೋಡಿ ಬರುತ್ತಾರೆ. ಆದರೆ ಈ ನಗರದಲ್ಲಿ ಅವೆರಡರ ಬೇರು ಒಂದೇ. ಜರ್ಮನ್ ವಲಸಿಗರ ಭಾನುವಾರದ ಬಿಡುವು, ಅವರ ಬಿಯರ್ ಮತ್ತು ದುಡಿಯುವವರ ಕೈಗೆಟಕುವ ಅಗ್ಗದ ಟಿಕೆಟ್ಟು, ಇವು ಮೂರೂ ಸೇರಿ ಇಂದಿನ ವೃತ್ತಿಪರ ಬೇಸ್‌ಬಾಲನ್ನು ರೂಪಿಸಿದವು ಎಂಬುದು ಕ್ರೀಡಾಭಿಮಾನಿಯಾದ ನನ್ನ ದೃಢವಾದ ಅಭಿಪ್ರಾಯ. ಈ ಸಂಬಂಧವನ್ನು ತಿಳಿದು ನೋಡಿದಾಗ ಪಂದ್ಯವೂ ಹಬ್ಬವೂ ಹೆಚ್ಚು ಅರ್ಥಪೂರ್ಣವಾಗುತ್ತವೆ.

ಪ್ರಾಕ್ಟರ್ ಆಂಡ್ ಗ್ಯಾಂಬಲ್, ಕ್ರೋಗರ್, ಜಿಇ ಏರೋಸ್ಪೇಸ್ ಕಂಪನಿಗಳ ಮುಖ್ಯ ಕಚೇರಿಗಳು ಈ ಪ್ರದೇಶದಲ್ಲಿದ್ದು, ಪಕ್ಕದ ಮಿಲ್ಫರ್ಡ್‌ನಲ್ಲಿ ಟಿಸಿಎಸ್‌ನ ದೊಡ್ಡ ಕೇಂದ್ರವೂ ಇರುವುದರಿಂದ ಕೆಲಸದ ನಿಮಿತ್ತ ಇಲ್ಲಿಗೆ ಬರುವ ಕನ್ನಡಿಗರಿದ್ದಾರೆ. ಕ್ರಿಕೆಟ್ ಬಲ್ಲ, ಬೇಸ್‌ಬಾಲ್ ಅರಿಯದ ಅಂಥವರನ್ನೂ ಅವರನ್ನು ನೋಡಲು ಊರಿನಿಂದ ಬರುವ ತಂದೆತಾಯಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ದಿನಾಂಕ ಹೊಂದಿಸುವುದು

ಪ್ರಮುಖ ಲೀಗಿನ (ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಸ್ಪರ್ಧೆಯಾದ ‘ಮೇಜರ್ ಲೀಗ್’) ಪ್ರತಿಯೊಂದು ತಂಡವೂ ಒಂದು ಋತುವಿನಲ್ಲಿ 162 ಪಂದ್ಯಗಳನ್ನು ಆಡುತ್ತದೆ. ಅವುಗಳಲ್ಲಿ ಅರ್ಧದಷ್ಟು ಮಾತ್ರ ತವರಿನಲ್ಲಿ ನಡೆಯುವುದರಿಂದ, ಹಬ್ಬದ ವಾರಾಂತ್ಯದಲ್ಲಿ ಸಿನ್ಸಿನಾಟಿ ರೆಡ್ಸ್ ತಂಡ ಊರಿನಲ್ಲೇ ಇರುತ್ತದೆ ಎಂದು ಊಹಿಸಿಕೊಳ್ಳಬಾರದು. ಮೊದಲು ಆ ವರ್ಷದ ಹಬ್ಬದ ದಿನಾಂಕವನ್ನು ನೋಡಿ, ಅದನ್ನು ತಂಡದ ವೇಳಾಪಟ್ಟಿಯೊಂದಿಗೆ ಹೋಲಿಸಿ, ಎರಡೂ ಕೂಡಿಬಂದರೆ ಮಾತ್ರ ವಿಮಾನ ಮತ್ತು ಹೋಟೆಲ್ ಕಾಯ್ದಿರಿಸಿರಿ. ಕೂಡಿಬಾರದ ವರ್ಷದಲ್ಲಿ ಹಬ್ಬಕ್ಕೆ ಹಿಂದಿನ ಅಥವಾ ಮುಂದಿನ ವಾರದ ತವರು ಪಂದ್ಯವನ್ನು ಆರಿಸಿಕೊಂಡು ಒಂದೆರಡು ದಿನ ಹೆಚ್ಚು ಉಳಿಯುವುದು ಒಳ್ಳೆಯದು.

ವಿಮಾನ ನಿಲ್ದಾಣ ಇರುವುದು ನದಿಯಾಚೆಯ ಕೆಂಟಕಿ ರಾಜ್ಯದಲ್ಲಿ. ಟಿಕೆಟಿನ ಮೇಲೆ ಬೇರೆ ರಾಜ್ಯದ ಹೆಸರು ಕಂಡು ಗಾಬರಿಯಾಗಬೇಕಾಗಿಲ್ಲ. ಉಳಿದುಕೊಳ್ಳಲು ನಗರದ ಮಧ್ಯಭಾಗವನ್ನೇ ಆರಿಸಿಕೊಂಡರೆ ಕಾರಿನ ಅಗತ್ಯವೇ ಬೀಳುವುದಿಲ್ಲ. 2016ರಲ್ಲಿ ಆರಂಭವಾಗಿ 2020ರಿಂದ ಉಚಿತವಾಗಿ ಓಡುತ್ತಿರುವ ‘ಕನೆಕ್ಟರ್’ ಎಂಬ ಟ್ರಾಮು ನದೀತೀರದ ಕ್ರೀಡಾಂಗಣವನ್ನೂ ಹಳೆಯ ಜರ್ಮನ್ ಬಡಾವಣೆಯನ್ನೂ ಜೋಡಿಸುತ್ತದೆ. ನಮ್ಮ ಕಾರ್ಯಕ್ರಮಕ್ಕೆ ಬೇಕಾದ ಬಹುತೇಕ ಸ್ಥಳಗಳು ಆ ದಾರಿಯಲ್ಲೇ ಇವೆ.

ಎರಡನೆಯ ಹೆಜ್ಜೆ: ಹೊರಡುವ ಮೊದಲು ಈ ಚರಿತ್ರೆಯನ್ನು ತಿಳಿದುಕೊಳ್ಳುವುದು

ಕ್ರಿಕೆಟ್ ಪ್ರೇಮಿಗಳಿಗೆ ಈ ಚರಿತ್ರೆ ಆಪ್ತವೆನಿಸುವ ಒಂದು ಕಾರಣವಿದೆ. ಸಿನ್ಸಿನಾಟಿಯಲ್ಲಿ ವೃತ್ತಿಪರ ಬೇಸ್‌ಬಾಲಿಗೆ ಅಡಿಪಾಯ ಹಾಕಿದ ಹ್ಯಾರಿ ರೈಟ್ ಮೂಲತಃ ಕ್ರಿಕೆಟ್ ಆಟಗಾರ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1835ರಲ್ಲಿ ಹುಟ್ಟಿದ ಅವನು, ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನಲ್ಲಿ ಸಂಬಳದ ಆಟಗಾರನಾಗಿದ್ದ ತನ್ನ ತಂದೆಯ ಜೊತೆಗೆ ಬೆಳೆದು, 1860ರ ದಶಕದ ಮಧ್ಯಭಾಗದಲ್ಲಿ ಸಿನ್ಸಿನಾಟಿಯ ಯೂನಿಯನ್ ಕ್ರಿಕೆಟ್ ಕ್ಲಬ್ಬಿಗೆ ವೃತ್ತಿಪರನಾಗಿ ಬಂದನು. ಊರಿನ ಜನರ ಒಲವು ಬೇಸ್‌ಬಾಲಿನತ್ತ ತಿರುಗುತ್ತಿದ್ದುದನ್ನು ಕಂಡು ಅವನೂ ಆ ಆಟಕ್ಕೆ ತಿರುಗಿದನು. 1869ರಲ್ಲಿ ಅವನು ಕಟ್ಟಿದ ‘ರೆಡ್ ಸ್ಟಾಕಿಂಗ್ಸ್’ ತಂಡದ ಎಲ್ಲ ಆಟಗಾರರಿಗೂ ಬಹಿರಂಗವಾಗಿಯೇ ಸಂಬಳ ನಿಗದಿಯಾಗಿತ್ತು. ಹಾಗಾಗಿ ಅದನ್ನು ಮೊದಲ ಸಂಪೂರ್ಣ ವೃತ್ತಿಪರ ಬೇಸ್‌ಬಾಲ್ ತಂಡವೆಂದು ಪರಿಗಣಿಸಲಾಗುತ್ತದೆ. ಆ ವರ್ಷ ದೇಶವೆಲ್ಲ ಸುತ್ತಿ ಆಡಿದ ತಂಡ ಒಂದೂ ಪಂದ್ಯವನ್ನು ಸೋಲಲಿಲ್ಲ. ಗೆಲುವಿನ ಸರಣಿ ಮುರಿದದ್ದು 1870ರ ಜೂನ್ 14ರಂದು, ಬ್ರೂಕ್ಲಿನ್ನಿನ ಅಟ್ಲಾಂಟಿಕ್ಸ್ ತಂಡ ಹನ್ನೊಂದು ಇನ್ನಿಂಗ್ಸ್‌ಗಳ ಪಂದ್ಯದಲ್ಲಿ 8–7ರಿಂದ ಗೆದ್ದಾಗ. ಪಂದ್ಯದ ಅಂಕಿಅಂಶಗಳನ್ನು ಕೋಷ್ಟಕದಲ್ಲಿ ಪ್ರಕಟಿಸುವ ಪದ್ಧತಿಯನ್ನು ಬೆಳೆಸಿದ ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತ ಕೂಡ ಇಂಗ್ಲೆಂಡಿನಲ್ಲಿ ಹುಟ್ಟಿ, ಕ್ರಿಕೆಟ್ ವರದಿಗಾರಿಕೆಯಿಂದ ಬೇಸ್‌ಬಾಲಿಗೆ ಬಂದವನು.

ಇನ್ನು ಜರ್ಮನ್ನರ ವಿಷಯ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬಡತನದಿಂದಲೂ, 1848ರ ಕ್ರಾಂತಿಯ ವಿಫಲತೆಯಿಂದಲೂ ದೇಶ ಬಿಟ್ಟುಬಂದ ಜರ್ಮನ್ನರು ಸಿನ್ಸಿನಾಟಿಯ ಕಾಲುವೆಯ ಉತ್ತರಕ್ಕೆ ದಟ್ಟವಾಗಿ ನೆಲೆಸಿದರು. ಆ ಕಾಲುವೆಯನ್ನು ಊರಿನವರು ರೈನ್ ನದಿಯೆಂದು ಕರೆಯತೊಡಗಿದ್ದರಿಂದ ಅದರಾಚೆಯ ಬಡಾವಣೆಗೆ ‘ಓವರ್ ದ ರೈನ್’ ಎಂಬ ಹೆಸರು ನಿಂತಿತು. ಅವರು ತಮ್ಮ ಚರ್ಚು, ಪತ್ರಿಕೆ ಮತ್ತು ಗಾಯನಸಂಘಗಳ ಜೊತೆಗೆ ತಮ್ಮದೇ ವ್ಯಾಯಾಮ ಸಂಸ್ಕೃತಿಯನ್ನೂ ತಂದರು. ‘ಟರ್ನ್‌ಫೆರೈನ್’ ಎಂಬ ಅಂಗಸಾಧನೆಯ ಸಂಘ ಇಲ್ಲಿ 1848ರಲ್ಲೇ ಸ್ಥಾಪನೆಯಾಯಿತು. ವಾರದಲ್ಲಿ ಆರು ದಿನ ದುಡಿಯುವ ಕುಟುಂಬಕ್ಕೆ ಭಾನುವಾರವೆಂದರೆ ಬೆಳಿಗ್ಗೆ ಚರ್ಚು, ಮಧ್ಯಾಹ್ನ ಹೆಂಡತಿ ಮಕ್ಕಳೊಂದಿಗೆ ಮರದ ನೆರಳಿನ ಬಿಯರ್ ತೋಟ ಮತ್ತು ವಾದ್ಯಗೋಷ್ಠಿ. ಆದರೆ ಊರಿನ ಇಂಗ್ಲಿಷ್ ಮೂಲದ ಪ್ರಾಟೆಸ್ಟಂಟ್ ಗಣ್ಯರಿಗೆ ಭಾನುವಾರ ಮೌನದ ದಿನ; ಮದ್ಯ ಪಾಪ.

ಈ ಎರಡು ಭಾನುವಾರಗಳ ನಡುವಿನ ತಿಕ್ಕಾಟ ಕ್ರೀಡಾಂಗಣದವರೆಗೂ ಬಂದಿತು. 1876ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಲೀಗ್ ತನ್ನನ್ನು ಸಭ್ಯರ ಕೂಟವೆಂದು ಭಾವಿಸಿಕೊಂಡು, 50 ಸೆಂಟಿನ ಟಿಕೆಟ್ಟು, ಭಾನುವಾರ ಆಟವಿಲ್ಲ, ಮೈದಾನದಲ್ಲಿ ಬಿಯರ್ ಇಲ್ಲ ಎಂಬ ಧೋರಣೆ ತಳೆದಿತ್ತು. ಸಿನ್ಸಿನಾಟಿ ತಂಡಕ್ಕೆ ಬಿಯರ್ ಮಾರಾಟವೂ, ಭಾನುವಾರ ಮೈದಾನವನ್ನು ಬೇರೆಯವರಿಗೆ ಬಾಡಿಗೆ ಕೊಡುವುದೂ ಬದುಕುಳಿಯುವ ದಾರಿಗಳಾಗಿದ್ದವು. ಅವುಗಳನ್ನು ಬಿಡಲೊಪ್ಪದ ಕಾರಣಕ್ಕೆ 1880ರ ಋತುವಿನ ನಂತರ ಆ ತಂಡವನ್ನು ಲೀಗಿನಿಂದ ಹೊರಹಾಕಲಾಯಿತು. ಮರುವರ್ಷವೇ ಸಿನ್ಸಿನಾಟಿಯಲ್ಲಿ ಸಭೆ ಸೇರಿದ ಹೊರಗಿನವರು ‘ಅಮೆರಿಕನ್ ಅಸೋಸಿಯೇಷನ್’ ಎಂಬ ಪ್ರತಿಸ್ಪರ್ಧಿ ಲೀಗನ್ನು ಕಟ್ಟಿ, ಟಿಕೆಟ್ ದರವನ್ನು 25 ಸೆಂಟಿಗೆ ಇಳಿಸಿ, ಭಾನುವಾರದ ಆಟಕ್ಕೂ ಬಿಯರಿಗೂ ಬಾಗಿಲು ತೆರೆದರು. ಅದನ್ನು ‘ಬಿಯರ್ ಮತ್ತು ವಿಸ್ಕಿ ಲೀಗ್’ ಎಂದು ಹಳೆಯ ಲೀಗಿನವರು ಹೀಯಾಳಿಸಿದರು. ಆದರೆ ಜನ ಬಂದರು. 1882ರ ಮೊದಲ ಋತುವಿನ ಪ್ರಶಸ್ತಿಯನ್ನು ಸಿನ್ಸಿನಾಟಿಯೇ ಗೆದ್ದಿತು. ಸೇಂಟ್ ಲೂಯಿಸ್ ತಂಡದ ಮಾಲೀಕ, ಜರ್ಮನಿಯಲ್ಲಿ ಹುಟ್ಟಿದ ಕ್ರಿಸ್ ಫಾನ್ ಡೆರ್ ಆಹೆ, ಪಂದ್ಯದ ದಿನ ತನ್ನ ಮದ್ಯದಂಗಡಿಯಲ್ಲಿ ಜನ ತುಂಬುವುದನ್ನು ನೋಡಿಯೇ ಬೇಸ್‌ಬಾಲಿಗೆ ಹಣ ಹೂಡಿದವನು; ಅವನ ತಂಡ 1885ರಿಂದ 1888ರವರೆಗೆ ಸತತ ನಾಲ್ಕು ಬಾರಿ ಆ ಲೀಗನ್ನು ಗೆದ್ದಿತು.

1891ರ ಋತುವಿನ ನಂತರ ಅಮೆರಿಕನ್ ಅಸೋಸಿಯೇಷನ್ ಮುಚ್ಚಿಹೋಯಿತಾದರೂ, ಅದರ ತಂಡಗಳನ್ನು ಒಳಗೆ ಸೇರಿಸಿಕೊಂಡ ನ್ಯಾಷನಲ್ ಲೀಗ್ ಬಿಯರ್, ಭಾನುವಾರದ ಆಟ, ಅಗ್ಗದ ಟಿಕೆಟ್ಟುಗಳನ್ನು ಆಯಾ ತಂಡದ ಇಚ್ಛೆಗೆ ಬಿಡಬೇಕಾಯಿತು. ಇಂದಿನ ಸಿನ್ಸಿನಾಟಿ ರೆಡ್ಸ್, ಸೇಂಟ್ ಲೂಯಿಸ್ ಕಾರ್ಡಿನಲ್ಸ್, ಪಿಟ್ಸ್‌ಬರ್ಗ್ ಪೈರೇಟ್ಸ್ ಮತ್ತು ಲಾಸ್ ಏಂಜಲೀಸ್ ಡಾಡ್ಜರ್ಸ್, ಈ ನಾಲ್ಕೂ ಆ ‘ಬಿಯರ್ ಲೀಗಿನ’ ವಂಶದವು. ಮದ್ಯದ ಬ್ರ್ಯಾಂಡ್ ಒಂದರ ಹೆಸರನ್ನೇ ಹೊತ್ತು 2008ರಲ್ಲಿ ಹುಟ್ಟಿದ ಬೆಂಗಳೂರಿನ ಐಪಿಎಲ್ ತಂಡವನ್ನು ಬಲ್ಲ ನಮಗೆ ಆಟಕ್ಕೂ ಪಾನೀಯದ ವ್ಯಾಪಾರಕ್ಕೂ ಇರುವ ನಂಟು ಹೊಸತೇನಲ್ಲ. ಆದರೆ ಇಲ್ಲಿ ಆ ನಂಟಿನ ಹಿಂದೆ ಜಾಹೀರಾತಿಗಿಂತ ದೊಡ್ಡದಾದ ಒಂದು ಹಕ್ಕಿನ ಪ್ರಶ್ನೆಯಿತ್ತು: ವಾರವಿಡೀ ದುಡಿದವನು ತನ್ನ ಒಂದೇ ಬಿಡುವಿನ ದಿನವನ್ನು ತನಗೆ ಬೇಕಾದಂತೆ ಕಳೆಯಬಹುದೇ, ಇಲ್ಲವೇ?

ಬಿಯರ್ ಹಬ್ಬದ ಮೂಲದಲ್ಲೂ ಒಂದು ಕ್ರೀಡೆಯಿದೆ. 1810ರ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲೂಡ್ವಿಗ್ ಮತ್ತು ರಾಜಕುಮಾರಿ ಟೆರೇಸಾ ಅವರ ಮದುವೆ ನಡೆದಾಗ, ಅದರ ಸಂಭ್ರಮಾಚರಣೆಯ ಅಂಗವಾಗಿ ಐದು ದಿನಗಳ ನಂತರ ಮ್ಯೂನಿಕ್ ನಗರದ ಹೊರಗಿನ ಹುಲ್ಲುಗಾವಲಿನಲ್ಲಿ ಕುದುರೆ ಓಟವನ್ನು ಏರ್ಪಡಿಸಲಾಯಿತು. ಆ ಓಟವನ್ನು ಪ್ರತಿವರ್ಷ ನಡೆಸಬೇಕೆಂಬ ಆಸೆಯಿಂದಲೇ ಆಕ್ಟೋಬರ್‌ಫೆಸ್ಟ್ ಬೆಳೆಯಿತು. ಬಿಯರಿನ ದೊಡ್ಡ ಡೇರೆಗಳು ಬಂದದ್ದು ಅನಂತರ.

ಮೂರನೆಯ ಹೆಜ್ಜೆ: ಕ್ರಿಕೆಟ್ ಬಲ್ಲವರು ಬೇಸ್‌ಬಾಲ್ ಕಲಿಯುವುದು

ಒಂದು ತಂಡದಲ್ಲಿ ಒಂಬತ್ತು ಜನ ಫೀಲ್ಡರುಗಳು. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸಿನಲ್ಲಿ ಎರಡೂ ತಂಡಗಳು ಒಂದೊಂದು ಬಾರಿ ಬ್ಯಾಟ್ ಮಾಡುತ್ತವೆ ಮತ್ತು ಮೂವರು ಔಟಾದರೆ ಆ ಸರದಿ ಮುಗಿಯುತ್ತದೆ. ನಾಲ್ಕು ಬೇಸುಗಳು ಚೌಕಾಕಾರದಲ್ಲಿ, ಒಂದರಿಂದ ಇನ್ನೊಂದಕ್ಕೆ 90 ಅಡಿಗಳ ಅಂತರದಲ್ಲಿರುತ್ತವೆ. ಬ್ಯಾಟರ್ ಅವನ್ನೆಲ್ಲ ಸುತ್ತಿ ಹೊರಟ ಜಾಗಕ್ಕೇ ಮರಳಿದರೆ ತಂಡಕ್ಕೆ ಒಂದು ರನ್. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ, 60 ಅಡಿ 6 ಅಂಗುಲ ದೂರದಿಂದ ಬರುತ್ತದೆ.

ಕ್ರಿಕೆಟ್ ಕಣ್ಣಿಗೆ ಮೊದಲು ಅಭ್ಯಾಸವಾಗಬೇಕಾದದ್ದು ಮೂರು ಸಂಗತಿಗಳು. ಇಲ್ಲಿ ವಿಕೆಟಿನ ಹಿಂದಕ್ಕೆ ಆಡುವ ಲೇಟ್ ಕಟ್ಟಿಗಾಗಲಿ ಗ್ಲಾನ್ಸಿಗಾಗಲಿ ಬೆಲೆಯಿಲ್ಲ. ಎದುರಿನ 90 ಡಿಗ್ರಿ ಕೋನದ ಹೊರಗೆ ಹೋದ ಚೆಂಡು ‘ಫೌಲ್’. ಕೋನದ ಒಳಗೆ ಹೊಡೆದರೆ ಓಡಲೇಬೇಕು. ಚೆಂಡನ್ನು ತಡೆದು ನಿಂತು ಮುಂದಿನ ಎಸೆತಕ್ಕೆ ಕಾಯುವ ಸೌಲಭ್ಯವಿಲ್ಲ. ಒಮ್ಮೆ ಔಟಾದವನಿಗೆ ಆಟ ಮುಗಿಯುವುದಿಲ್ಲ. ಒಂಬತ್ತು ಜನರ ಸರದಿ ಸುತ್ತಿ ಬಂದಾಗ ಅವನು ಮತ್ತೆ ಬರುತ್ತಾನೆ. ಆದರೆ ಬದಲಿ ಆಟಗಾರನಿಗಾಗಿ ಹೊರಗೆ ಹೋದವನು ಆ ಪಂದ್ಯಕ್ಕೆ ಮರಳುವಂತಿಲ್ಲ.

ಆಟದ ಜೀವಾಳ ಇರುವುದು ‘ಕೌಂಟ್’ ಎಂಬ ಲೆಕ್ಕದಲ್ಲಿ. ಬ್ಯಾಟರ್ ನಿಂತು ಆಡುವ ಬೇಸಾದ ಹೋಮ್ ಪ್ಲೇಟಿನ ಮೇಲೆ, ಅವನ ಮೊಣಕಾಲಿನಿಂದ ಎದೆಯ ಸುಮಾರಿನವರೆಗೆ, ಕಣ್ಣಿಗೆ ಕಾಣದ ಒಂದು ಚೌಕಟ್ಟಿದೆ. ಅದರೊಳಗೆ ಬಂದ ಚೆಂಡನ್ನು ಹೊಡೆಯದೆ ಬಿಟ್ಟರೂ, ಎಲ್ಲಿ ಬಂದ ಚೆಂಡಿಗಾದರೂ ಬ್ಯಾಟ್ ಬೀಸಿ ತಾಗಿಸಲಾಗದಿದ್ದರೂ ‘ಸ್ಟ್ರೈಕ್’. ಮೂರು ಸ್ಟ್ರೈಕಿಗೆ ಔಟ್. ಚೌಕಟ್ಟಿನ ಹೊರಗೆ ಬಂದದ್ದನ್ನು ಸಂಯಮದಿಂದ ಬಿಟ್ಟರೆ ‘ಬಾಲ್’. ನಾಲ್ಕು ಬಾಲ್ ಆದರೆ ಬ್ಯಾಟರ್ ಮೊದಲ ಬೇಸಿಗೆ ನಡೆದುಕೊಂಡೇ ಹೋಗಬಹುದು. ಫೌಲ್ ಕೂಡ ಸ್ಟ್ರೈಕೇ, ಆದರೆ ಮೂರನೆಯ ಸ್ಟ್ರೈಕ್ ಸಾಮಾನ್ಯವಾಗಿ ಫೌಲಿನಿಂದ ಬರುವುದಿಲ್ಲ. ಫಲಕದಲ್ಲಿ ಮೊದಲು ಬಾಲ್, ನಂತರ ಸ್ಟ್ರೈಕ್ ತೋರಿಸುತ್ತಾರೆ. 0–2 ಎಂದಿದ್ದರೆ ಪಿಚರ್, ಅಂದರೆ ಚೆಂಡು ಎಸೆಯುವವನು, ಮೇಲುಗೈ ಪಡೆದಿದ್ದಾನೆ; ಬ್ಯಾಟರನನ್ನು ಆಸೆಗೆ ಬೀಳಿಸಲು ಚೌಕಟ್ಟಿನ ಹೊರಕ್ಕೆ ಜಾರುವ ಚೆಂಡನ್ನು ಎಸೆಯುವ ಸ್ವಾತಂತ್ರ್ಯ ಅವನಿಗಿದೆ. 3–1 ಎಂದಿದ್ದರೆ ಪಿಚರ್ ಚೌಕಟ್ಟಿನೊಳಗೆ ಎಸೆಯುವ ಒತ್ತಡದಲ್ಲಿದ್ದಾನೆ, ಬ್ಯಾಟರ್ ತನಗೆ ಇಷ್ಟವಾದ ಚೆಂಡಿಗಾಗಿ ಕಾಯುತ್ತಾನೆ. 3–2 ಆದಾಗ ಇಡೀ ಕ್ರೀಡಾಂಗಣ ಏಕೆ ಎದ್ದು ನಿಲ್ಲುತ್ತದೆ ಎಂಬುದು ಇಷ್ಟು ತಿಳಿದವರಿಗೆ ತಾನಾಗಿಯೇ ಹೊಳೆಯುತ್ತದೆ. ಬೇಸ್‌ಬಾಲ್ ನೀರಸವೆಂದು ದೂರುವವರು ಬಹುಪಾಲು ಹೊಡೆತಗಳಿಗಾಗಿ ಮಾತ್ರ ಕಾಯುವವರು. ಎಸೆತದಿಂದ ಎಸೆತಕ್ಕೆ ಬದಲಾಗುವ ಈ ಲೆಕ್ಕವನ್ನು ಹಿಂಬಾಲಿಸಿದರೆ ಸುಮ್ಮನೆ ಕಳೆದುಹೋಗುವ ನಿಮಿಷವೇ ಇರುವುದಿಲ್ಲ.

2023ರಿಂದ ಪಿಚರ್ ಇಂತಿಷ್ಟು ಸೆಕೆಂಡುಗಳೊಳಗೆ ಎಸೆಯಲೇಬೇಕೆಂಬ ಗಡಿಯಾರ ಬಂದಿರುವುದರಿಂದ, ಹಿಂದೆ ಮೂರು ಗಂಟೆ ದಾಟುತ್ತಿದ್ದ ಪಂದ್ಯಗಳು ಸರಾಸರಿ ಎರಡು ಗಂಟೆ ನಲವತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತಿವೆ. ಸ್ಟ್ರೈಕ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸುವ ವ್ಯವಸ್ಥೆಗೆ 2026ರ ಋತುವಿನಿಂದ ಒಪ್ಪಿಗೆ ದೊರೆತಿದೆ. ಡಿಆರ್‌ಎಸ್ ನೋಡಿ ಪಳಗಿದವರಿಗೆ ಅದನ್ನು ವಿವರಿಸುವ ಅಗತ್ಯವಿಲ್ಲ.

ನಾಲ್ಕನೆಯ ಹೆಜ್ಜೆ: ಶುಕ್ರವಾರ ಮಧ್ಯಾಹ್ನದ ನಡಿಗೆ

ಶುಕ್ರವಾರ ಸಂಜೆ ಪಂದ್ಯ, ಶನಿವಾರ ಹಬ್ಬ ಎಂಬ ಕ್ರಮವನ್ನೇ ನಾನು ಸೂಚಿಸುತ್ತೇನೆ. ಹಾಗೆ ಮಾಡಿದರೆ ಶುಕ್ರವಾರದ ಮಧ್ಯಾಹ್ನ ಹಳೆಯ ಬಡಾವಣೆಗೆ ಬಿಡುವಾಗಿ ಉಳಿಯುತ್ತದೆ. ಟ್ರಾಮಿನಲ್ಲಿ ಫಿಂಡ್ಲೆ ಮಾರುಕಟ್ಟೆಯವರೆಗೆ ಹೋಗಿ ಅಲ್ಲಿಂದ ದಕ್ಷಿಣಕ್ಕೆ ನಡೆಯುತ್ತ ಬನ್ನಿ. 1850ರ ದಶಕದಿಂದ ನಡೆಯುತ್ತಿರುವ ಈ ಮಾರುಕಟ್ಟೆಗೂ ಬೇಸ್‌ಬಾಲಿಗೂ ನೇರ ನಂಟಿದೆ: ಪ್ರತಿ ವಸಂತದಲ್ಲಿ ಋತುವಿನ ಮೊದಲ ಪಂದ್ಯದ ದಿನ ಊರಿನ ದೊಡ್ಡ ಮೆರವಣಿಗೆಯನ್ನು ನಡೆಸುವವರು ಇಲ್ಲಿನ ವ್ಯಾಪಾರಿಗಳೇ.

ಓವರ್ ದ ರೈನ್ ಬಡಾವಣೆಯ ನೆಲದಡಿಯಲ್ಲಿ ಕಲ್ಲು ಇಟ್ಟಿಗೆಯ ಕಮಾನುಗಳುಳ್ಳ ಆಳವಾದ ನೆಲಮಾಳಿಗೆಗಳಿವೆ. ಲಾಗರ್ ಎಂಬ ಜರ್ಮನ್ ಬಿಯರನ್ನು ತಂಪಾದ ಜಾಗದಲ್ಲಿ ವಾರಗಟ್ಟಲೆ ಮಾಗಿಸಬೇಕಾಗಿದ್ದರಿಂದ, ಯಾಂತ್ರಿಕ ಶೀತಲೀಕರಣವಿಲ್ಲದ ಕಾಲದಲ್ಲಿ ತಯಾರಕರು ಅವುಗಳನ್ನು ಅಗೆಸಿದರು. ‘ಬ್ರ್ಯೂಯಿಂಗ್ ಹೆರಿಟೇಜ್ ಟ್ರೇಲ್’ ಎಂಬ ಮಾರ್ಗದರ್ಶಿತ ನಡಿಗೆಯಲ್ಲಿ ಅವುಗಳೊಳಗೆ ಇಳಿದು ನೋಡಬಹುದು. ಮೊದಲೇ ಕಾಯ್ದಿರಿಸಿ, ಮೆಟ್ಟಿಲುಗಳು ಕಡಿದಾಗಿರುವುದರಿಂದ ಮಂಡಿನೋವಿರುವ ಹಿರಿಯರನ್ನು ಮೇಲೆಯೇ ಕುಳ್ಳಿರಿಸಿ. ಬವೇರಿಯಾದಿಂದ ಬಂದ ಕ್ರಿಶ್ಚಿಯನ್ ಮೋರ್ಲೈನ್ 1853ರಲ್ಲಿ ಕಟ್ಟಿದ ಸಂಸ್ಥೆ ಈ ಬಡಾವಣೆಯ ಅತಿ ದೊಡ್ಡ ತಯಾರಕರಲ್ಲಿ ಒಂದಾಗಿತ್ತು. ಮೊದಲ ಮಹಾಯುದ್ಧದ ಕಾಲದ ಜರ್ಮನ್ ವಿರೋಧಿ ಭಾವನೆಯಲ್ಲಿ ಇಲ್ಲಿನ ಬೀದಿಗಳ ಜರ್ಮನ್ ಹೆಸರುಗಳನ್ನು ಅಳಿಸಲಾಯಿತು. ಬ್ರೆಮೆನ್ ಬೀದಿ ರಿಪಬ್ಲಿಕ್ ಬೀದಿಯಾಯಿತು. ಬೆನ್ನಲ್ಲೇ ಬಂದ ಪಾನನಿಷೇಧ ಬಿಯರ್ ಕಾರ್ಖಾನೆಗಳ ಬಾಗಿಲು ಮುಚ್ಚಿಸಿತು. ಕೆಲವು ಕಟ್ಟಡಗಳ ಮೇಲೆ ಹಳೆಯ ಹೆಸರು ಇಂದಿಗೂ ಉಳಿದಿದೆ. ನಿಧಾನವಾಗಿ ನಡೆದು ಹುಡುಕುವುದು ಸಾರ್ಥಕ. ಮುಂದುವರಿದು ಬಂದರೆ ಕಾಲುವೆ ಇದ್ದ ಜಾಗದಲ್ಲಿ ಈಗಿರುವ ಸೆಂಟ್ರಲ್ ಪಾರ್ಕ್‌ವೇ ಎಂಬ ಅಗಲ ರಸ್ತೆಯನ್ನು ದಾಟಿ ಫೌಂಟನ್ ಸ್ಕ್ವೇರ್ ತಲುಪುತ್ತೀರಿ. ಅಲ್ಲಿನ ಕಂಚಿನ ಕಾರಂಜಿಯನ್ನು ಎರಕ ಹೊಯ್ದದ್ದು ಮ್ಯೂನಿಕ್‌ನಲ್ಲಿ. ಅದು ಇಲ್ಲಿ 1871ರಲ್ಲಿ ಲೋಕಾರ್ಪಣೆಯಾಯಿತು. ಮ್ಯೂನಿಕ್ ಮತ್ತು ಸಿನ್ಸಿನಾಟಿ ಇಂದು ಅಧಿಕೃತವಾಗಿ ಸೋದರಿ ನಗರಗಳು.

ಐದನೆಯ ಹೆಜ್ಜೆ: ಕ್ರೀಡಾಂಗಣದಲ್ಲಿ

ರೆಡ್ಸ್ ತಂಡದ ತವರು 2003ರಲ್ಲಿ ತೆರೆದ ‘ಗ್ರೇಟ್ ಅಮೆರಿಕನ್ ಬಾಲ್ ಪಾರ್ಕ್’. ಟಿಕೆಟ್ಟುಗಳು ಮೊಬೈಲಿಗೆ ಬರುವುದರಿಂದ ಲೀಗಿನ ಬಾಲ್‌ಪಾರ್ಕ್ ಆ್ಯಪನ್ನು ಮೊದಲೇ ಇಳಿಸಿಕೊಂಡು, ಫೋನನ್ನು ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗಿ. ಚೀಲದ ಗಾತ್ರ ಮತ್ತು ಹೊರಗಿನ ಆಹಾರದ ನಿಯಮಗಳನ್ನು ತಂಡದ ಅಧಿಕೃತ ಪುಟದಲ್ಲಿ ಅದೇ ವಾರ ಓದಿಕೊಳ್ಳಿ. ಮೊದಲ ಬಾರಿಗೆ ಹೋಗುವವರಿಗೆ ನನ್ನ ಸಲಹೆ, ಹೋಮ್ ಪ್ಲೇಟಿನ ಹಿಂಬದಿಯ ಮೇಲಂತಸ್ತಿನ ಆಸನ. ಅವು ಕೆಳಗಿನ ಆಸನಗಳಿಗಿಂತ ಬಹಳ ಅಗ್ಗ. ಚೆಂಡು ಹೋದ ದಿಕ್ಕು, ಫೀಲ್ಡರುಗಳು ಜಾಗ ಬದಲಿಸುವ ಬಗೆ ಎಲ್ಲವೂ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತದೆ, ಹಿನ್ನೆಲೆಯಲ್ಲಿ ನದಿಯೂ ಕಾಣುತ್ತದೆ. ಕೆಳಗಿನ ಆಸನಗಳಲ್ಲಿ ಕುಳಿತರೆ ಫೌಲ್ ಚೆಂಡಿನ ಬಗ್ಗೆ ಎಚ್ಚರವಿರಲಿ, ಮಕ್ಕಳಿದ್ದರೆ ಇನ್ನೂ ಹೆಚ್ಚು. ಅಂಥ ಚೆಂಡು ನಿಮ್ಮ ಕೈಗೆ ಸಿಕ್ಕಿದರೆ ಮೈದಾನಕ್ಕೆ ಹಿಂತಿರುಗಿಸಬೇಕಾಗಿಲ್ಲ; ಅದು ನಿಮ್ಮದೇ.

ಒಂದು ಗಂಟೆ ಮೊದಲೇ ಹೋಗಿ ಪಕ್ಕದ ರೆಡ್ಸ್ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯವನ್ನು ನೋಡಬಹುದು. 1975 ಮತ್ತು 1976ರಲ್ಲಿ ಸತತವಾಗಿ ವಿಶ್ವ ಸರಣಿ ಗೆದ್ದ ‘ಬಿಗ್ ರೆಡ್ ಮಷೀನ್’ ತಂಡದ ನೆನಪುಗಳು ಅಲ್ಲಿವೆ. ಜಾನಿ ಬೆಂಚ್, ಜೋ ಮಾರ್ಗನ್, ಟೋನಿ ಪೆರೆಜ್ ಮತ್ತು ಪೀಟ್ ರೋಸ್ ಆಡಿದ ಆ ತಂಡವನ್ನು ಊರಿನ ಹಿರಿಯರು ಇಂದಿಗೂ ಎದೆತುಂಬಿ ನೆನೆಯುತ್ತಾರೆ. ಪ್ರಮುಖ ಲೀಗಿನ ಮೊದಲ ರಾತ್ರಿ ಪಂದ್ಯ ನಡೆದದ್ದೂ ಈ ಊರಿನಲ್ಲೇ, 1935ರ ಮೇ 24ರಂದು. ಅಧ್ಯಕ್ಷ ರೂಸ್‌ವೆಲ್ಟ್ ಶ್ವೇತಭವನದಿಂದಲೇ ಗುಂಡಿ ಒತ್ತಿ ದೀಪ ಬೆಳಗಿಸಿದರು. ಈಗಿನ ತಂಡದಲ್ಲಿ ಎಲಿ ಡಿ ಲಾ ಕ್ರೂಸ್ ಆಡುತ್ತಿದ್ದರೆ ಅವನು ಮೊದಲ ಬೇಸಿನಲ್ಲಿ ನಿಂತ ಕ್ಷಣದಿಂದ ಕಣ್ಣು ತೆಗೆಯಬೇಡಿ. 2024ರಲ್ಲಿ 67 ಬೇಸುಗಳನ್ನು ‘ಕದ್ದ’, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸು ಸೇರಿದ, ಈ ಡೊಮಿನಿಕನ್ ಯುವಕ, ಪಿಚರ್ ಕೈಯೆತ್ತುವ ಮೊದಲೇ ಎರಡನೆಯ ಬೇಸಿನ ಕಡೆಗೆ ಹೆಜ್ಜೆ ಅಳೆಯುತ್ತಿರುತ್ತಾನೆ.

ಅಂಕಪಟ್ಟಿಯನ್ನು ಕೈಯಾರೆ ಬರೆಯಲು ಕಲಿಯಿರಿ ಎಂದು ನಾನು ವಿಶೇಷವಾಗಿ ಒತ್ತಾಯಿಸುತ್ತೇನೆ. ಆಟವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಒಂದು ಪೆನ್ಸಿಲ್ ಮತ್ತು ಚೌಕುಳಿ ಹಾಳೆ ಸಾಕು. ಎಡಗಡೆ ಒಂಬತ್ತು ಬ್ಯಾಟರುಗಳ ಹೆಸರು, ಮೇಲೆ ಒಂಬತ್ತು ಇನ್ನಿಂಗ್ಸ್ ಬರೆದುಕೊಳ್ಳಿ. ಪ್ರತಿ ಫೀಲ್ಡರಿಗೂ ಒಂದು ಸಂಖ್ಯೆಯಿದೆ: ಪಿಚರ್ 1, ಕ್ಯಾಚರ್ (ವಿಕೆಟ್ ಕೀಪರಿನಂಥವನು) 2, ಮೊದಲ ಬೇಸಿನವನು 3, ಎರಡನೆಯ ಬೇಸಿನವನು 4, ಮೂರನೆಯ ಬೇಸಿನವನು 5, ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರಾಂಗಣದ ಎಡ, ಮಧ್ಯ, ಬಲ ಕ್ರಮವಾಗಿ 7, 8, 9. ಮೂರು ಸ್ಟ್ರೈಕಿಗೆ ಔಟಾದರೆ ‘ಕೆ’ ಅಕ್ಷರ. ಬ್ಯಾಟ್ ಬೀಸದೆ ನೋಡುತ್ತಲೇ ಔಟಾದರೆ ಅದೇ ಅಕ್ಷರವನ್ನು ತಿರುಗಿಸಿ ಬರೆಯುತ್ತಾರೆ. ಶಾರ್ಟ್‌ಸ್ಟಾಪ್ ಚೆಂಡನ್ನು ಹಿಡಿದು ಎರಡನೆಯ ಬೇಸಿಗೆ ಎಸೆದು, ಅಲ್ಲಿಂದ ಅದು ಮೊದಲ ಬೇಸಿಗೆ ಹೋಗಿ ಒಂದೇ ಹೊಡೆತಕ್ಕೆ ಇಬ್ಬರು ಔಟಾದರೆ ‘6–4–3’. ಎರಡು ಮೂರು ಇನ್ನಿಂಗ್ಸ್ ಕಳೆಯುವಷ್ಟರಲ್ಲಿ ಕೈ ಪಳಗುತ್ತದೆ. ಪಕ್ಕದಲ್ಲಿ ಕುಳಿತ ಹಿರಿಯ ಅಭಿಮಾನಿಯೊಬ್ಬರು ನಿಮ್ಮ ಹಾಳೆಯನ್ನು ನೋಡಿ ತಾವಾಗಿಯೇ ಮಾತಿಗೆ ಬರುವ ಸಂಭವವೂ ಹೆಚ್ಚು.

ಏಳನೆಯ ಇನ್ನಿಂಗ್ಸಿನ ನಡುವೆ ಎಲ್ಲರೂ ಎದ್ದು ನಿಂತು ಹಾಡುವಾಗ ನೀವೂ ಏಳಿರಿ. ಬಿಯರ್ ಮಾರಾಟ ಸಾಮಾನ್ಯವಾಗಿ ಆ ಹೊತ್ತಿಗೆ ನಿಲ್ಲುತ್ತದೆ.

ಆರನೆಯ ಹೆಜ್ಜೆ: ಶನಿವಾರ, ಹಬ್ಬದಲ್ಲಿ

ಹಬ್ಬ ಹಿಂದೆ ನಗರದ ಮಧ್ಯದ ಬೀದಿಗಳಲ್ಲಿ ನಡೆಯುತ್ತಿತ್ತು. ಈಚಿನ ವರ್ಷಗಳಲ್ಲಿ ಅದು ಕ್ರೀಡಾಂಗಣದ ಪೂರ್ವಕ್ಕೆ ನದೀತೀರದಲ್ಲಿರುವ ಸಾಯರ್ ಪಾಯಿಂಟ್ ಮತ್ತು ಯೀಟ್‌ಮನ್ಸ್ ಕೋವ್ ಉದ್ಯಾನಗಳಿಗೆ ಸ್ಥಳಾಂತರಗೊಂಡಿದೆ. ಪ್ರವೇಶ ಉಚಿತ, ತಿಂಡಿ ಮತ್ತು ಪಾನೀಯಕ್ಕೆ ಮಾತ್ರ ಹಣ. ಕುಟುಂಬದೊಂದಿಗೆ ಹೋಗುವವರು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ ಮಧ್ಯಾಹ್ನದ ಇಳಿಹೊತ್ತಿಗೆ ಹೊರಡುವುದು ಸೂಕ್ತ, ಏಕೆಂದರೆ ಸಂಜೆಯಾದಂತೆ ಜನಸಂದಣಿಯೂ ಗದ್ದಲವೂ ಬಹಳವಾಗುತ್ತವೆ. ಉದ್ದ ದೇಹದ, ಗಿಡ್ಡ ಕಾಲಿನ ಡ್ಯಾಕ್ಸ್‌ಹುಂಡ್ ನಾಯಿಗಳಿಗೆ ಹಾಟ್‌ಡಾಗ್ ವೇಷ ತೊಡಿಸಿ ಓಡಿಸುವ ಸ್ಪರ್ಧೆ ಇಲ್ಲಿನ ದೊಡ್ಡ ಆಕರ್ಷಣೆ. ಅದು ಯಾವ ದಿನ, ಯಾವ ಹೊತ್ತಿಗೆ ನಡೆಯುತ್ತದೆ ಎಂಬುದನ್ನು ಕಾರ್ಯಕ್ರಮ ಪಟ್ಟಿಯಲ್ಲಿ ನೋಡಿಕೊಂಡು ಮುಂಚಿತವಾಗಿ ಜಾಗ ಹಿಡಿಯಿರಿ. ತುಂಬಿದ ಬಿಯರ್ ಮಗ್ಗನ್ನು ತೋಳು ಚಾಚಿ ಹೆಚ್ಚು ಹೊತ್ತು ಎತ್ತಿ ಹಿಡಿಯುವ ಸ್ಪರ್ಧೆಯೂ ಇದೆ. ಮೊದಲ ನಿಮಿಷದಲ್ಲಿ ಸುಲಭವೆಂದು ಕಾಣುವ ಅದು ಭುಜದ ನಿಜವಾದ ಪರೀಕ್ಷೆ. ಕೋಳಿಯಂತೆ ರೆಕ್ಕೆ ಬಡಿಯುವ ಸಾಮೂಹಿಕ ಕುಣಿತ ನಡೆದಾಗ ಮಕ್ಕಳನ್ನು ಮುಂದೆ ಬಿಡಿ. 1994ರಲ್ಲಿ ಇಲ್ಲಿ ಹತ್ತಾರು ಸಾವಿರ ಜನ ಒಟ್ಟಿಗೆ ಹಾಗೆ ಕುಣಿದು ದಾಖಲೆ ಮಾಡಿದ್ದರು.

ಬಿಯರ್ ಕುಡಿಯುವವರಿಗೆ ಕೆಲವು ಮಾತು. ಒಹಾಯೊದಲ್ಲಿ 21 ವರ್ಷ ತುಂಬಿರಬೇಕು, ಗುರುತಿನ ಚೀಟಿ ಕೇಳುತ್ತಾರೆ. ಭಾರತದಿಂದ ಬಂದವರು ಪಾಸ್‌ಪೋರ್ಟನ್ನೇ ಒಯ್ಯುವುದು ಕ್ಷೇಮ, ತಲೆ ನರೆತವರೂ ಇದಕ್ಕೆ ಹೊರತಲ್ಲ. ಇಲ್ಲಿ ಕೇಳಬೇಕಾದ ಬಗೆ ‘ಮೆರ್ಟ್ಸನ್’. ಬವೇರಿಯಾದಲ್ಲಿ 1553ರ ಆಜ್ಞೆಯೊಂದು ಬೇಸಿಗೆಯ ತಿಂಗಳುಗಳಲ್ಲಿ ಬಿಯರ್ ತಯಾರಿಸುವುದನ್ನು ನಿಷೇಧಿಸಿದ್ದರಿಂದ, ಮಾರ್ಚಿನಲ್ಲಿ ತುಸು ಗಟ್ಟಿಯಾಗಿ ತಯಾರಿಸಿ ತಂಪು ನೆಲಮಾಳಿಗೆಯಲ್ಲಿಟ್ಟು ಶರತ್ಕಾಲದವರೆಗೆ ಕಾಪಾಡುತ್ತಿದ್ದ ಬಿಯರ್ ಅದು. ಹಿಂದಿನ ದಿನ ನೋಡಿದ ನೆಲಮಾಳಿಗೆಗಳ ಉಪಯೋಗ ಇದನ್ನು ಸವಿಯುವಾಗ ಚೆನ್ನಾಗಿ ತಿಳಿಯುತ್ತದೆ. ತಾಮ್ರದ ಬಣ್ಣ, ಹುರಿದ ಧಾನ್ಯದ ಸಿಹಿ, ಕೊನೆಯಲ್ಲಿ ಸ್ವಲ್ಪ ಕಹಿ. ಒಂದು ಲೀಟರಿನ ಮಗ್ಗಿನಲ್ಲಿ ಶೇಕಡ 6ರ ಬಿಯರ್ ತುಂಬಿದ್ದರೆ, ಅಮೆರಿಕದ ಆರೋಗ್ಯ ಇಲಾಖೆಯ ಅಳತೆಯಲ್ಲಿ ಅದು ಮೂರು ಪಾನೀಯಗಳಿಗಿಂತ ಹೆಚ್ಚು. ಆದ್ದರಿಂದ ಸಣ್ಣ ಲೋಟವನ್ನೇ ಆರಿಸಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ನೀರು ಕುಡಿದು, ಏನಾದರೂ ತಿಂದು ಮುಂದುವರಿಯಿರಿ. ಲೋಟ ತಾಗಿಸಿ ‘ಪ್ರೋಸ್ಟ್’ ಎನ್ನುವಾಗ ಎದುರಿನವರ ಕಣ್ಣನ್ನು ನೋಡುವುದು ಜರ್ಮನ್ ಮರ್ಯಾದೆ. ಕುಡಿದ ಮೇಲೆ ಕಾರು ಮುಟ್ಟಲೇಬಾರದು; ವೀಸಾದ ಮೇಲೆ ಇರುವವರಿಗೆ ಆ ಒಂದು ಅಪರಾಧ ವರ್ಷಗಳ ಕಾಲ ಕಾಡಬಹುದು.

ಕುಡಿಯದವರಿಗೂ ಇಲ್ಲಿ ಪೂರ್ಣ ದಿನವಿದೆ, ಯಾರೂ ಒತ್ತಾಯಿಸುವುದಿಲ್ಲ. ಸಸ್ಯಾಹಾರಿಗಳು ಮಾತ್ರ ವಿಚಾರಿಸಿ ತಿನ್ನಬೇಕು. ಗೆಟ್ಟಾ ಎಂಬ ಸ್ಥಳೀಯ ತಿನಿಸು ಓಟ್ಸ್‌ನಂತೆ ಕಂಡರೂ ಅದರಲ್ಲಿ ಹಂದಿಮಾಂಸವಿರುತ್ತದೆ. ಬಿಸಿಯಾದ ಜರ್ಮನ್ ಆಲೂಗಡ್ಡೆ ಸಲಾಡಿನಲ್ಲಿ ಸಾಮಾನ್ಯವಾಗಿ ಬೇಕನ್ (ಹಂದಿಮಾಂಸ) ಇರುತ್ತದೆ, ಹುಳಿ ಎಲೆಕೋಸಿನಲ್ಲೂ ಕೆಲವೊಮ್ಮೆ ಇರುತ್ತದೆ. ಷ್ಪೆಟ್ಸ್‌ಲ ಎಂಬ ಗಟ್ಟಿ ಶಾವಿಗೆಯಲ್ಲಿ ಮೊಟ್ಟೆಯಿದೆ. ಪ್ರೆಟ್ಜೆಲ್ ಮತ್ತು ಸೇಬಿನ ಸ್ಟ್ರೂಡೆಲ್ ಹೆಚ್ಚು ನಿರಾತಂಕದವು. ಆಲೂಗಡ್ಡೆಯನ್ನು ತುರಿದು ಕರಿದ ದೋಸೆಯಂಥ ತಿನಿಸೂ ರುಚಿಯಾಗಿರುತ್ತದೆ, ಆದರೆ ಮೊಟ್ಟೆ ಮತ್ತು ಕರಿದ ಎಣ್ಣೆಯ ಬಗ್ಗೆ ಕೇಳಿಕೊಳ್ಳಿ.

ಏಳನೆಯ ಹೆಜ್ಜೆ: ಸಿನ್ಸಿನಾಟಿಗೆ ಹೋಗಲಾಗದವರು

ಇದೇ ಜೋಡಣೆಯನ್ನು ಬೇರೆಡೆಯೂ ಮಾಡಿಕೊಳ್ಳಬಹುದು. ಚಿಕಾಗೊ ಕಡೆಯವರಿಗೆ ಮಿಲ್ವಾಕಿ ಹತ್ತಿರ. ಅಲ್ಲಿನ ತಂಡದ ಹೆಸರೇ ‘ಬ್ರ್ಯೂವರ್ಸ್’, ಊರಿನ ಜರ್ಮನ್ ಹಬ್ಬ ಜುಲೈ ಕೊನೆಯ ಸುಮಾರಿಗೆ ಸರೋವರದ ದಡದಲ್ಲಿ ನಡೆಯುತ್ತದೆ.

ಜರ್ಮನಿಯಲ್ಲೇ ಇರುವ ಕನ್ನಡಿಗರಿಗೆ ತಿರುಗುಮುರುಗಾದ ದಾರಿಯೊಂದಿದೆ. ಮ್ಯೂನಿಕ್‌ನ ಮೂಲ ಆಕ್ಟೋಬರ್‌ಫೆಸ್ಟ್ ಸೆಪ್ಟೆಂಬರ್ 15ರ ನಂತರದ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ, ನಗರದ ಮೇಯರ್ ಮೊದಲ ಪೀಪಾಯಿಗೆ ನಲ್ಲಿ ಬಡಿಯುವುದರೊಂದಿಗೆ ಆರಂಭವಾಗುತ್ತದೆ. ಅಲ್ಲಿ ಬಿಯರ್ ಸರಬರಾಜು ಮಾಡುವ ಹಕ್ಕಿರುವುದು ಆರು ಮ್ಯೂನಿಕ್ ಸಂಸ್ಥೆಗಳಿಗೆ ಮಾತ್ರ. ವಾರದ ದಿನ ಬೆಳಿಗ್ಗೆ ಹೋದರೆ ಕಾಯ್ದಿರಿಸದಿದ್ದರೂ ಡೇರೆಯೊಳಗೆ ಜಾಗ ಸಿಗುತ್ತದೆ. ಮ್ಯೂನಿಕ್‌ನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿಯಲ್ಲಿರುವ ರೇಗನ್ಸ್‌ಬುರ್ಗ್ ಜರ್ಮನ್ ಬೇಸ್‌ಬಾಲಿನ ಪ್ರಮುಖ ಕೇಂದ್ರ. ಬರ್ಲಿನ್ನಿನಲ್ಲಿ ಹುಟ್ಟಿದ ಮ್ಯಾಕ್ಸ್ ಕೆಪ್ಲರ್ ಅಲ್ಲಿ ತರಬೇತಿ ಪಡೆದು ಪ್ರಮುಖ ಲೀಗಿನಲ್ಲಿ 2019ರ ಒಂದೇ ಋತುವಿನಲ್ಲಿ 36 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಹೊಡೆದನು. ಅವನಿಗಿಂತ ಮೊದಲು, ಜರ್ಮನಿಯಲ್ಲಿ ಬೆಳೆದು ಅಲ್ಲಿಯೇ ಆಟ ಕಲಿತ ಡೊನಾಲ್ಡ್ ಲುಟ್ಸ್ 2013ರಲ್ಲಿ ಪ್ರಮುಖ ಲೀಗಿಗೆ ಕಾಲಿಟ್ಟದ್ದು ಸಿನ್ಸಿನಾಟಿ ರೆಡ್ಸ್ ಅಂಗಿ ತೊಟ್ಟು. ಜರ್ಮನ್ ಬೇಸ್‌ಬಾಲ್ ಲೀಗಿನ ವೇಳಾಪಟ್ಟಿಯನ್ನು ಬೇಸಿಗೆಯಲ್ಲೇ ನೋಡಿಟ್ಟುಕೊಳ್ಳಿ. ಸೆಪ್ಟೆಂಬರಿನ ಹೊತ್ತಿಗೆ ಅಲ್ಲಿ ಉಳಿದಿರುವ ಪಂದ್ಯಗಳು ಬಹಳ ಕಡಿಮೆ.